ಅರ್ಧ ಅಂಕ

ಹಂಪನಕಟ್ಟೆಯ ಕಣ್ಣಿನ ಆಸ್ಪತ್ರೆ, ಎರಡನೇ ಮಹಡಿ.
ಬಲಗಣ್ಣಿಗೆ ಮದ್ದು ಬಿಟ್ಟು ಕೂರಿಸಿದ್ದಾರೆ,
ಪಾಪೆ ಅರಳಲಿ ಎಂದು.
ಹನ್ನೊಂದೂವರೆ ಇರಬೇಕು.
ಗಡಿಯಾರ ಕಾಣುತ್ತದೆ, ಮುಳ್ಳು ಕಾಣುವುದಿಲ್ಲ.

ನನ್ನ ಚೀಟಿಯಲ್ಲಿರುವುದು ಒಂದೇ ಶಬ್ದ: ಪೊರೆ.
ಮೂವತ್ತೊಂದು ವರ್ಷ ನಾನೇ ಬೋರ್ಡಿನ ಮೇಲೆ ಬರೆದದ್ದು.
ಎಂಟನೇ ತರಗತಿ, ಜೀವಕೋಶ.
ಒಂದು ವೃತ್ತ, ಒಳಗೊಂದು ಚುಕ್ಕೆ,
ಸುತ್ತಲಿನ ಗೆರೆಗೆ ಬಾಣ ಎಳೆದು
ಇದು ಪೊರೆ, ಅರೆಪಾರಕ,
ಬೇಕಾದ್ದನ್ನು ಬಿಡುತ್ತದೆ ಬೇಡದ್ದನ್ನು ತಡೆಯುತ್ತದೆ ಎಂದು
ಸೀಮೆಸುಣ್ಣ ಕೊಡವಿ ಮುಂದಿನ ಪುಟಕ್ಕೆ.

ಪಕ್ಕದಲ್ಲಿ ಬೆಂಗ್ರೆಯ ಚಂದು ಮೆಂಡನ್.
ಹೊಳೆ ದಾಟಿ ಬಂದವಳು,
ಸೆರಗಿನಲ್ಲಿ ಇನ್ನೂ ದೋಣಿಯ ಗಾಳಿ.
"ಟೀಚರೇ, ಇದೆಂತ ನೋಡಿ. ಯಾವುದೋ ಪಟ ಹರಿದಿದೆಯಂತೆ.
ನಮ್ಮ ಮನೆಯಲ್ಲಿ ಇರುವುದೇ ಒಂದು ಪಟ, ಅವರದ್ದು,
ಗೋಡೆಯಲ್ಲಿ, ಗಾಜಿನೊಳಗೆ.
ಅದು ಹರಿಯಲಿಕ್ಕಿಲ್ಲ."

ಮದ್ದು ಬೀಳದ ಎಡಗಣ್ಣಿಗೆ ಹಿಡಿದು ಓದಿದೆ: ಅಕ್ಷಿಪಟ.
ಪಾಠ ನಾಲಿಗೆಯ ತುದಿಗೇ ಬಂತು,
ಪ್ರತಿಬಿಂಬ, ನರ, ತಲೆಕೆಳಗಾದ ಚಿತ್ರ...
ಅವಳ ಮುಖ ನೋಡಿ ನುಂಗಿಕೊಂಡೆ.
ರೆಟಿನಾ ಅನ್ನುತ್ತಾರಲ್ಲ, ಅದೇ ಇದು;
ಲ್ಯಾಟಿನ್ನಿನಲ್ಲಿ ಅದಕ್ಕೆ ಬಲೆಯ ನಂಟು ಎಂದು
ಎಲ್ಲೋ ಓದಿದ ನೆನಪು.
"ಕಣ್ಣಿನ ಹಿಂದೆ ಒಂದು ಬಲೆ ಉಂಟು ಚಂದಕ್ಕ.
ಬೆಳಕು ಬಂದು ಅದಕ್ಕೆ ಬೀಳುತ್ತದೆ.
ನಿಮ್ಮದು ಒಂದು ಕಡೆ ಹರಿದಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಕಸುಬು ಗೊತ್ತಿದ್ದವರು ಕೇಳುವ ಹಾಗೆ,
"ಅಂಚಿನಲ್ಲೋ, ನಡುವಿನಲ್ಲೋ?"
ಅಂಚಿನಲ್ಲಿ.
"ಹಾಗಾದರೆ ಅಡ್ಡಿಯಿಲ್ಲ. ಯಾರು ಹೊಲಿಯುವುದು?"
ಹೊಲಿಯುವುದಲ್ಲ, ಬೆಳಕಿನಿಂದಲೇ ಬೆಸೆಯುತ್ತಾರಂತೆ.
ಅವಳಿಗೆ ನಗು ತಡೆಯಲಿಲ್ಲ.
"ಮೀನಿನಿಂದ ಬಲೆ ಹೊಲಿದ ಹಾಗಾಯಿತು ಟೀಚರೇ!"

ಅಷ್ಟರಲ್ಲಿ ಬಾಗಿಲಿನಿಂದ ನರ್ಸ್ ಪ್ರೆಸಿಲ್ಲಾ:
"ಚಂದು ಮೆಂಡನ್, ಬಲೆ, ಉಲಾಯಿ ಬಲೆ."
ಬನ್ನಿ ಅನ್ನುವುದಕ್ಕೆ ತುಳುವಿನಲ್ಲಿ ಬಲೆ.
ನನ್ನ ಭುಜ ಹಿಡಿದು ಎದ್ದವಳು ಕಿವಿಯಲ್ಲಿ,
"ಕೇಳಿದಿರಾ, ಹರಿದದ್ದಕ್ಕೂ ಅದೇ, ಕರೆದದ್ದಕ್ಕೂ ಅದೇ."

ಉಳಿದೆವು ನಾನೂ ಪೊರೆಯೂ.

ಯಾವ ವರ್ಷವೋ, ಉರ್ವದ ಶಾಲೆ.
ಕೊನೆಯ ಬೆಂಚಿನ ಹುಡುಗ, ದೇಜು ಅಂತೇನೋ.
ಅಂಕ ಅಂದರೆ ಅವನಿಗೆ ಕೋಳಿ ಅಂಕವೇ,
ಮರುದಿನ ಶಾಲೆಗೆ ಚಕ್ಕರ್.
ಅರ್ಧವಾರ್ಷಿಕದಲ್ಲಿ ಏಳನೇ ಪ್ರಶ್ನೆ: ಪೊರೆ ಎಂದರೇನು?
ಅವನು ಬರೆದಿದ್ದ:
ಪೊರೆ ಎಂದರೆ ಕಾಪಾಡು. ಅಜ್ಜಿ ದೀಪ ಹಚ್ಚಿ
ದಿನಾ ದೇವರಿಗೆ ಹೇಳುತ್ತಾರೆ.

ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಹಾಕಿದೆ.
ಜೀವಕೋಶದ ಚಿತ್ರದಷ್ಟೇ ದುಂಡಗೆ.
ಪಕ್ಕದಲ್ಲಿ ಬರೆದೆ: ಇದು ವಿಜ್ಞಾನ, ಕನ್ನಡ ಅಲ್ಲ.
ಬರೆದದ್ದು ಕನ್ನಡದಲ್ಲೇ.

ಹಾವು ಬಿಟ್ಟು ಹೋಗುವುದೂ
ನನ್ನ ಕಣ್ಣಿಗೆ ಬಂದು ಕೂತದ್ದೂ
ಅಜ್ಜಿ ಬೇಡಿಕೊಂಡದ್ದೂ.
ಬೇರು ಒಂದೋ ಬೇರೆಯೋ ನನಗೆ ಗೊತ್ತಿಲ್ಲ,
ಕೋಶ ತೆರೆದು ನೋಡಬೇಕು.
ಕೋಶ! ಅದನ್ನೂ ಕಲಿಸಿದ್ದು ಒಂದೇ ಅರ್ಥಕ್ಕೆ.
ಆ ಗೆರೆ ಮಾಡುತ್ತಿದ್ದ ಕೆಲಸ ಮತ್ತೇನು?
ಒಳಗಿನ ಇಷ್ಟೇ ಇಷ್ಟು ನೀರನ್ನು, ಉಪ್ಪನ್ನು
ಹೊರಗಿನ ಸಮುದ್ರದಿಂದ ಕಾಯುತ್ತಿತ್ತು.
ಪೂರ್ತಿ ಸರಿಯಲ್ಲ ಅವನ ಉತ್ತರ.
ಅರ್ಧ ಅಂಕ ಕೊಡಬಹುದಿತ್ತು.

ಚೀಲದಲ್ಲಿ ಫೋನು. ತಂಗಿ.
"ಗುರುವಾರ ಆಪರೇಷನ್. ಹೊಸ ಮಸೂರ ಹಾಕುತ್ತಾರೆ,
ಹದಿನಾಲ್ಕು ಸಾವಿರ."
ಆ ಕಡೆ ಕುಕ್ಕರಿನ ಸೀಟಿ.
"ಎಂತ? ಯಾವ ಬೇಳೆಗೆ ಅಷ್ಟು?"

ಚಂದಕ್ಕ ಇನ್ನೂ ಹೊರಗೆ ಬಂದಿಲ್ಲ.
ಬಾಗಿಲು ಮತ್ತೆ ತೆರೆಯಿತು,
ಬಿಳಿಯ ಮೇಲೆ ಇನ್ನೊಂದು ಬಿಳಿ, ನರ್ಸ್ ಇರಬೇಕು.
"ಟೀಚರ್, ಬಲೆ."
ಗೋಡೆ ಹಿಡಿದು ಎದ್ದೆ,
ಅಲ್ಲಿ ತುಂಬ ಬೆಳಕಿತ್ತು,
ಮೀನಿನ ಹಾಗೆ ಹೋದೆ.