ಮೂವತ್ತೊಂಬತ್ತನೆಯದು

ಲಿಫ್ಟು ರಿಪೇರಿಯವನಿಗೆ ಒಂದು ಸುಖ:
ಯಾರ ಮಾಳಿಗೆಗೂ ಕೇಳದೆ ಹತ್ತಬಹುದು.
ಹವಲ್ಲಿಯ ಹಳೇ ಕಟ್ಟಡದ ನೆತ್ತಿಯಲ್ಲಿ
ಮೋಟಾರಿನ ಕೋಣೆಗೆ ಗ್ರೀಸು ಹಚ್ಚಿ ಹೊರಬಂದರೆ
ನೀರಿನ ಟಾಕಿಗಳ ನಡುವೆ, ಡಿಶ್ಶುಗಳ ಹಿಂಡಿನಲ್ಲಿ
ತಗಡಿನ ಟೊಪ್ಪಿಗೆ ಹಾಕಿಕೊಂಡ ಒಬ್ಬ ಕುಳ್ಳ,
ತುಕ್ಕು ತಿಂದ ಕೊರಳು.

ಇದೇನು ಅಂದೆ.
ಕಾವಲಿನ ಶಹಾತಾ ಬಾಯಿಗೆ ಕೈ ಬಟ್ಟಲು ಮಾಡಿ
ಊಂ... ಎಂದು ಊದಿ ತೋರಿಸಿ ನಕ್ಕ.
ನಗು ನಡುವೆಯೇ ನಿಂತಿತು.

ಅಂದಿನಿಂದ ಶುಕ್ರವಾರವೆಂದರೆ ಇದೇ.
ಉಳಿದವರು ಫಹಾಹೀಲಿಗೆ ಮೀನಿಗೆ ಹೋದರೆ,
ಊರಿಗೆ ದುಡ್ಡು ಕಳಿಸುವ ಸಾಲಿನಲ್ಲಿ ನಿಂತರೆ,
ನಾನೂ ದಾವಲಸಾಬನೂ ಅವನ ಪಿಕಪ್ಪಿನಲ್ಲಿ
ಕತ್ತೆತ್ತಿ ಕುವೈತು ಸುತ್ತುತ್ತೇವೆ.
"ನೆಲಾ ನೋಡಿ ನಡೀ ಅಂತಿದ್ಲು ನಮ್ಮವ್ವ,
ನಿನ್ನ ಸಂಗಾಟ ಕೂಡಿ
ಮುಗಿಲು ನೋಡಿ ಗಾಡಿ ಹೊಡ್ಯಾಕತ್ತೀನಿ."

ವಹಿಯಲ್ಲಿ ಬರೆದಿಡುತ್ತೇನೆ.
ಹನ್ನೆರಡು: ಶಾಲೆಯ ಮಾಳಿಗೆ. ಹೊಟ್ಟೆಯೊಳಗೆ ಪಾರಿವಾಳದ ಸಂಸಾರ, ಎರಡು ಮೊಟ್ಟೆ.
ಹದಿನೇಳು: ಶುವೈಖಿನ ಗೋದಾಮು. ಕಂಬ ಮಾತ್ರ.
ಇಪ್ಪತ್ನಾಲ್ಕು: ಅಹ್ಮದಿ. ಪೊಲೀಸಿನವ ಫೋನು ಕಸಿದ, ಚಿತ್ರ ಅಳಿಸಿದ,
ಫೋನಿನ ಜೊತೆ ಒಂದು ಖರ್ಜೂರ ಕೊಟ್ಟು ಕಳಿಸಿದ.
ಇಪ್ಪತ್ತೈದು ಇಲ್ಲ. ಎಣಿಸುವಾಗ ತಪ್ಪಿದೆ.

ಯಾಕೋ ಇದೆಲ್ಲಾ? ದಾವಲಸಾಬ ಕೇಳಿದ್ದು ಒಮ್ಮೆ.
ಹೇಳಹೋದೆ: ನಮ್ಮೂರ ಗಿರಣಿಗೊಂದು ಭೋಂಗಾ ಇತ್ತು,
ಅದು ಒದರಿತೋ, ಅವ್ವ ಒಲೆಯಿಂದ ಹಾಲಿಳಿಸಿ
ಸೆರಗು ಬಿಗಿದು ಓಡುವಳು.
ಆ ಸದ್ದಿನಲ್ಲಿ ಹೆದರಿಕೆ ಇರಲಿಲ್ಲ, ಬರೀ ಅವಸರ.
ಕೂಗುಮಾರಿಗಾದರೆ ಬಾಗಿಲ ಮೇಲೆ
ನಾಳೆ ಬಾ ಎಂದು ಬರೆಯುತ್ತಿದ್ದೆವು.
ಇಲ್ಲಿಯವರು ಅವಳನ್ನು ಮಾಳಿಗೆಯ ಮೇಲೇ ಸಾಕಿದ್ದಾರೆ,
ಬರುವವನನ್ನು ಅವಳೇ ಮೊದಲು ಕಾಣಲಿ ಎಂದು...
ಅಷ್ಟರಲ್ಲಿ ಸಿಗ್ನಲ್ಲು ಹಸಿರಾಯಿತು.

ಮೂವತ್ತೊಂಬತ್ತನೆಯದು ಮಾಳಿಗೆಯಲ್ಲಿ ಸಿಗಲಿಲ್ಲ.
ಶುಕ್ರವಾರದ ಸಂತೆಯಲ್ಲಿ, ಮುರಿದ ಫ್ಯಾನು,
ಒಂಟಿ ಬೂಟು, ಹಕ್ಕಿಯಿಲ್ಲದ ಪಂಜರಗಳ ನಡುವೆ
ಮೂರು ಕಾಲೂರಿ ನಿಂತಿತ್ತು,
ಕೈಯಿಂದ ತಿರುವುವ ಸೈರನ್ನು.
ಹಿಡಿಕೆಯ ಮರ ಯಾರದೋ ಬೆವರಿಗೆ ಸವೆದು ನುಣುಪು.
ಎಂಟು ದಿನಾರು ಅಂದ. ಐದು ಅಂದೆ.
ಕೂಗುತ್ತದೆಯೇ?
ತಿರುವಿ ನೋಡು, ಮೆಲ್ಲಗೆ.

ಮೆಲ್ಲಗೇ ತಿರುವಿದೆ.
ಅರ್ಧ ಸುತ್ತು. ಒಂದು. ಎರಡು.
ಹಲ್ಲುಗಾಲಿ ಕಚ್ಚಿತು. ಮೂರು, ನಾಲ್ಕು.
ಎಮ್ಮೆ ಕರುವನ್ನು ಕರೆದಂಥ ತಗ್ಗು ದನಿಯೊಂದು
ಮಂಡಿಯೂರಿ ಎದ್ದು ನಿಲ್ಲಲು ನೋಡಿತು.

ಎದುರಿಗೆ ಹಳೇ ರೇಡಿಯೊ ಮಾರುವ ಮುದುಕ
ಚಹಾದ ಲೋಟ ಕೆಳಗಿಟ್ಟ.
ಚೆಲ್ಲಲಿಲ್ಲ. ತಟ್ಟೆಯ ನಟ್ಟನಡುವೆ, ನೋಡಿಕೊಂಡು ಇಟ್ಟ.
ಆಮೇಲೆ ಕಾಲ ಬಳಿ ಆಡುತ್ತಿದ್ದ ಮೊಮ್ಮಗುವಿನ ನೆತ್ತಿಗೆ
ಅಂಗೈ ಚಾಚಿದ,
ಮುಟ್ಟಲಿಲ್ಲ, ಗೇಣು ಮೇಲೆ,
ಮಾಡು ಹೊದಿಸಿದ ಹಾಗೆ.

ಹಿಡಿಕೆ ಬಿಟ್ಟೆ.
ಬಿಟ್ಟರೂ ಅದು ನಿಲ್ಲುವುದಿಲ್ಲ.
ಗೊತ್ತಿತ್ತು ನನಗೆ, ವಹಿಯಲ್ಲಿ ಬರೆದೂ ಇದ್ದೆ:
ಹಳೇ ಯಂತ್ರ, ಕೈ ತೆಗೆದ ಮೇಲೂ ಹತ್ತೆಣಿಕೆ.
ಹತ್ತನ್ನೂ ಎಣಿಸಿದೆ.
ಹನ್ನೊಂದಕ್ಕೂ ಆ ಕೈ ಅಲ್ಲೇ ಇತ್ತು.
ಮಗು ಮಾತ್ರ ಇನ್ನೊಮ್ಮೆ, ಇನ್ನೊಮ್ಮೆ ಎಂದು
ನನ್ನತ್ತ ಬೆರಳು ತೋರಿಸುತ್ತಿತ್ತು.

ದುಡ್ಡು ಕೊಟ್ಟವನು ದಾವಲಸಾಬ. ಎಂಟಕ್ಕೆ ಎಂಟೂ.
ರಸ್ತೆಯ ಗುಂಡಿಯಲ್ಲಿ ಎಗರಿದರೆ ತಾನೇ ತಿರುಗೀತೆಂದು
ಹೆಗಲ ಟವೆಲ್ಲು ಹಿಡಿಕೆಗೆ ಸುತ್ತಿ ಗಂಟು ಹಾಕಿದೆ.
ಮೂವತ್ತೊಂಬತ್ತು: ಕೂಗುತ್ತದೆ, ಎಂದು ಬರೆದೆ.
"ಅಷ್ಟನಾ?" ಅಂದ.
ಅಷ್ಟೇ ಅಂದೆ.

ಈಗ ಅದು ನಮ್ಮ ಕೋಣೆಯಲ್ಲಿ, ಆರು ಮಂಚಗಳ ನಡುವೆ.
ರಾತ್ರಿಪಾಳಿಯವರು ಅದರ ಮೇಲೆ ಬನಿಯನ್ನು ಒಣಹಾಕುತ್ತಾರೆ.
ಗಂಟು ಬಿಚ್ಚಿಲ್ಲ.
ಮೈ ಒರೆಸಲು ಬೇರೆ ಟವೆಲ್ಲು ಕೊಂಡಿದ್ದೇನೆ.