ತೊಗರಿ ಕಾಳಿನಷ್ಟು

ಮೇ ತಿಂಗಳು. ಬೀದರಿನ ಉಸ್ಮಾನ್‌ಗಂಜ್.
ಮಧ್ಯಾಹ್ನ ಎರಡಕ್ಕೇ ಅರ್ಧ ಇಳಿದ ಶಟರು.
ಹುಲಸೂರಿನ ಮದುವೆ ನನ್ನ ಪರದೆಯ ಮೇಲೆ
ಎದ್ದ ಕಾಲಲ್ಲೇ ನಿಂತುಬಿಟ್ಟಿದೆ:
ಅಕ್ಷತೆ ಗಾಳಿಯಲ್ಲಿ ತೂಗುತ್ತಿದೆ,
ಮದುಮಗನ ಒಂದು ಕಣ್ಣು ಮುಚ್ಚಿದೆ,
ಗ್ರಾಫಿಕ್ಸ್ ಕಾರ್ಡು ತೊಂಬತ್ತಮೂರು ಡಿಗ್ರಿ.

ಹೈದರಾಬಾದಿನ ಹಳೇ ಮಾಲು ಅದು.
ನನಗಿಂತ ಮೊದಲು ಯಾವನೋ ಹುಡುಗ
ರಾತ್ರಿಯಿಡೀ ಅದರೊಳಗೆ ಯುದ್ಧ ಆಡಿದ್ದ.
ಫ್ಯಾನುಗಳ ಅರಚಾಟಕ್ಕೆ
ಗಿರಾಕಿಗಳ ಮಾತು ಎರಡೆರಡು ಸಲ ಕೇಳಬೇಕು.

ಗುರುಪಾದ ಬಂದ,
ಬೆವರು ಬೋರ್ಡಿಗೆ ಬೀಳದಂತೆ ಹಣೆಗೆ ವಸ್ತ್ರ ಕಟ್ಟಿಕೊಂಡ,
ನಾಲ್ಕು ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತಿದ.
ಉಗುರು ತಾಗಿದರೆ ಉದುರುವ ಬೂದಿಬಣ್ಣ.
"ಇದು ಪೇಸ್ಟ್ ಅಲ್ರಿ ಅಕ್ಕಾರ, ವಿಭೂತಿ."
ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ
ತಾಮ್ರದ ತಳಕ್ಕೆ ಉಕ್ಕಿನ ಸ್ಕೇಲು ನಿಲ್ಲಿಸಿ
ಬಾಗಿಲ ಬೆಳಕಿಗೆ ಹಿಡಿದ.
ನಡುವೆ ಕೂದಲೆಳೆಯಷ್ಟು ಹಗಲು.
"ತಳಾನೇ ಡೊಂಕದ. ಎಂಥಾ ಪೇಸ್ಟ್ ಹಚ್ಚಿದ್ರೂ ಇದ ಹಾಡು.
ತಿಕ್ಕಿ ಸಪಾಟ ಮಾಡೋ ಕೈ ಬೇಕು."

ಕೈ ಎದುರಿಗೇ ಇತ್ತು,
ಓಣಿಯ ಆಚೆ, ಎಂಟು ಹೆಜ್ಜೆ.
ಐದು ವರ್ಷದಿಂದ ಅಲ್ಲೇ ಇತ್ತು.

ಮುಸ್ತಕೀಮ್ ಉಸ್ತಾದರ ಬಿದರಿ ಕಾರ್ಖಾನೆ.
ಮೇಣದಲ್ಲಿ ಹೂತು ನಿಲ್ಲಿಸಿದ ಸುರಾಹಿಗಳು,
ಚಾಪೆಯ ಮೇಲೆ ಬೆಳ್ಳಿತಂತಿಯ ಚೂರು.
ಅವರು ತಳವನ್ನು ಕಣ್ಣಿಂದ ನೋಡಲಿಲ್ಲ,
ಕಣ್ಣು ಮುಚ್ಚಿ ಹೆಬ್ಬೆರಳು ಎಳೆದರು.
"ನಲವತ್ತೊಂದು ವರ್ಷ ಗೆರಿ ಕೊರದೀನಿ ಬೇಟಿ.
ಗೆರಿ ಅಳಸರಿ ಅಂತ ಬಂದಾಕಿ ನೀನೇ ಮೊದಲು."

ಶಹಾಬಾದಿ ಫರಸಿಯ ಮೇಲೆ ಗಾಜು,
ಗಾಜಿನ ಮೇಲೆ ನೀರು ಕುಡಿದ ಮರಳುಕಾಗದ,
ಮೊದಲು ನಾನೂರು, ಆಮೇಲೆ ಎಂಟುನೂರು, ಕಡೆಗೆ ಎರಡು ಸಾವಿರ.
ಎಂಟರ ಅಂಕಿ ಬರೆಯುತ್ತ ತಾಮ್ರ ತಿರುಗಿತು.
ಅಸರ್ ನಮಾಜಿಗೆ ಒಮ್ಮೆ ಎದ್ದು ಹೋಗಿ ಬಂದರು.
ಅವರ ಗಡ್ಡ ತಳದಲ್ಲಿ ಮಂಜುಮಂಜಾಗಿ ಕಂಡಿತು,
ಆಮೇಲೆ ಒಂದೊಂದು ಕೂದಲೂ.
ರೊಕ್ಕ ಎಷ್ಟು ಅಂದೆ. ಚಹಾ ಹೇಳು ಅಂದರು.

ಹೊಸ ಟ್ಯೂಬು ಗುರುಪಾದನ ಕೈಯಲ್ಲಿ.
"ಇನ್ನಷ್ಟು ಹಾಕೋ, ಒಂಬೈನೂರು ಕೊಟ್ಟೀನಿ."
"ಹೆಚ್ಚಾದ್ರ ಅದೇ ಕಂಬಳಿ ಆಗ್ತದ್ರಿ.
ತೊಗರಿ ಕಾಳಿನಷ್ಟ ಸಾಕು."
ಎರಡು ಮೈ ಎಷ್ಟು ಒತ್ತಿ ಕೂತರೂ
ಕಾಣದ ತಗ್ಗುಗಳಲ್ಲಿ ಗಾಳಿ ಅಡಗಿರುತ್ತದಂತೆ,
ಗಾಳಿ ಕಾವನ್ನು ಆಚೆ ದಾಟಿಸುವುದಿಲ್ಲವಂತೆ.
ಆ ತಗ್ಗಿಗೆ ಮಾತ್ರ ಪೇಸ್ಟು.
ಉಳಿದದ್ದು ಮುಟ್ಟಿಕೊಳ್ಳಬೇಕು, ತಾವೇ.
ಮೂಲೆಗೆ ಎದುರು ಮೂಲೆ, ಕಾಲು ಸುತ್ತು,
ಮತ್ತೆ ಕಾಲು ಸುತ್ತು, ಅವಸರ ಇಲ್ಲದೆ ಬಿಗಿದ.

ಆಗಲೇ ನಾನು ನೋಡಿದ್ದು:
ಯಾವುದಕ್ಕೂ ತಾಗದ ಬದಿಯಂಚಿನಲ್ಲಿ
ಅರ್ಧ ಇಂಚು ಬೆಳ್ಳಿ, ಒಂದು ಬಳ್ಳಿಯ ತುದಿ.
ಡಬ್ಬಿ ಮುಚ್ಚಿದರೆ ಯಾರಿಗೂ ಕಾಣದು.
ಆ ಕೈಗೆ ಸುಮ್ಮನಿರಲು ಬರಲಿಲ್ಲ, ಅಷ್ಟೆ.

ಅಕ್ಷತೆ ತಲೆಗಳ ಮೇಲೆ ಬಿತ್ತು.
ಮದುಮಗ ಕಣ್ಣು ಬಿಟ್ಟ.
ಅರವತ್ತೆಂಟು, ಎಪ್ಪತ್ತು, ಎಪ್ಪತ್ತೊಂದು.
ಅಲ್ಲೇ ನಿಂತಿತು.
ಹೊರಗಿನ ನಲವತ್ತಮೂರಕ್ಕೆ
ಹಚ್ಚಲು ಯಾರ ಬಳಿಯೂ ಟ್ಯೂಬಿಲ್ಲ, ಇರಲಿ.

ಫ್ಯಾನುಗಳ ದನಿ ಇಳಿದ ಮೇಲೆ
ಕಿವಿಗೆ ಏನೋ ಬಿತ್ತು:
ಟಿಕ್. ಟಿಕ್ ಟಿಕ್. ಟಿಕ್.
ಸಣ್ಣ ಉಳಿ, ಸಣ್ಣ ಸುತ್ತಿಗೆ, ಓಣಿಯ ಆಚೆಯಿಂದ.
"ಉಸ್ತಾದರು ಹೊಸ ಕೆಲಸ ಶುರು ಮಾಡಿದರೇನೋ?"
ಗುರುಪಾದ ಸ್ಕ್ರೂಡ್ರೈವರ್ ಒರೆಸುತ್ತ
ನನ್ನನ್ನೇ ನೋಡಿದ.
"ದಿನಾ ಇರ್ತದಲ್ರಿ."