ಮೊಳೆ

ಹನ್ನೊಂದು ಬಾಡಿಗಿ ಮನಿ ತಿರುಗಿ ಬಂದಾಕಿ ನಾನು,
ಹನ್ನೊಂದರಾಗೂ ಒಂದೇ ಕರಾರು:
ಗ್ವಾಡಿಗೆ ಮೊಳೆ ಹೊಡೀಬ್ಯಾಡ್ರಿ.
ಕನ್ನಡಿ ನೆಲದ ಮ್ಯಾಲೆ, ಕ್ಯಾಲೆಂಡರ್ ಕಿಟಕಿ ಸರಳಿಗೆ,
ಕಂಡಕ್ಟರ್ ಚೀಲ ನನ್ನ ಹೆಗಲಿಗೇ.

ಬೀದರಿನ ಚೌಬಾರಾದ ಹಿಂದ, ಸೈಕಲ್ಲು ಮಾತ್ರ ಹೊರಳೋ ಓಣ್ಯಾಗ
ಕೆಂಪು ಜಂಬಿಟ್ಟಿಗಿ ಕಲ್ಲಿನ ಎರಡಂಕಣ, ಒಂದು ಪಡಸಾಲಿ,
ನಾಕು ಸಾಗವಾನಿ ಕಂಬ, ಒಂದಕ್ಕ ಗೆದ್ದಲು,
ಹಿತ್ತಲಾಗ ಕಸ ತುಂಬಿದ ಬಾವಿ.
ಬ್ಯಾಂಕಿನಾವ ಬಂದ. ಟೇಪು ಹಿಡಿದ. ಬರಕೊಂಡ:
ಜಾಗಾದ ಕಿಮ್ಮತ್ತು ಇಷ್ಟು. ಕಟ್ಟಡದ್ದು, ಸೊನ್ನಿ.
ಕಿಟಕಿ ಕಟ್ಟಿ ಮ್ಯಾಲೆ ಕುಂತು ಕಾಲು ಚಾಚಿದೆ,
ಅಷ್ಟು ದಪ್ಪ ಇತ್ತು ಆ ಸೊನ್ನಿ.

ಮೌಲಾಲಿ ಮೇಸ್ತ್ರಿ ಗ್ವಾಡಿಗೆ ಕಿವಿ ಹಚ್ಚಿ ಬಡಿದು ನೋಡಿದ,
ಹಲಗಿ ಬಾರಿಸಾವ್ರು ಹಲಗಿ ನೋಡಿದಂಗ.
"ಯಾರೋ ಸಿಮೆಂಟ್ ಬಳದಾರ, ಬಾಯಿ.
ಉಸಿರು ಕಟ್ಟಿ ಬೆವರಲಕತ್ತದ. ಬಿಚ್ಚೂಣು."
ಬಿಚ್ಚಿದ್ವಿ. ಮೂರು ಟ್ರಾಲಿ ಹೋತು.
ಸುಣ್ಣ ತೊಟ್ಟ್ಯಾಗ ಇಪ್ಪತ್ತೊಂದು ದಿನ ನೆಂದಿತು,
ಬೆಲ್ಲದ ನೀರು, ಬಿಲ್ವದಕಾಯಿ ಲೋಳಿ;
ಇರುವಿ ಬಂದ್ವು, ಪೈಲಾ ಗೃಹಪ್ರವೇಶ ಅವುಗಳದೇ.
ರಜಾ ಇದ್ದಾಗ ನಾನೂ ಗಚ್ಚು ತಿರುವಿದೆ.
ಟಿಕೀಟು ಹರಿಯೋ ಬೆರಳು ಸುಣ್ಣಕ್ಕ ಸುಟ್ಟು
ಎಂಟು ದಿನ ಚಿಲ್ಲರ ಎಣಿಸೋದು ತ್ರಾಸಾತು.

ಒಳಗಿನ ಮಾಡದಾಗ, ಐದು ಬಣ್ಣದ ಕೆಳಗ,
ಇದ್ದಲಿನ ಗೆರಿ. ಸಾಲು ಸಾಲು. ಪಕ್ಕಕ್ಕ ಉರ್ದು.
ಮೇಸ್ತ್ರಿ ತಾಯಿ ಹಾಜ್ರಾಬಿ ಕಣ್ಣು ಸಣ್ಣ ಮಾಡಿ ಓದಿದಳು:
"ಕಿರಾಯಾ ಮುಟ್ಟಿತು. ಬಹಮನ್. ಇಸ್ಫಂದಾರ್. ಫರ್ವರ್ದಿ..."
ಫಸಲಿ ಸಾವಿರದ ಮುನ್ನೂರ ನಲವತ್ತೆರಡು.
"ತೀರ್ ತಿಂಗಳ ಗೆರಿ ಇಲ್ಲ ನೋಡು," ಅಂದಳು.
ಆಕಿ ಹೋದ ಮ್ಯಾಲೂ ನಾ ಅಲ್ಲೇ ನಿಂತೆ.
ನನಗ ಆ ತಿಂಗಳಿನ ಗುರ್ತು ಇತ್ತು:
ಮಾಲಕರ ಚಪ್ಪಲಿ ಸಪ್ಪಳಕ್ಕ ದೀಪ ಆರಿಸೋ ತಿಂಗಳು.

ಮಾಡಕ್ಕ ಗಚ್ಚು ಬ್ಯಾಡ ಅಂದೆ. ಹಾಂಗೇ ಬಿಟ್ಟ.

ಕೆಲಸ ಮುಗಿದ ದಿನ
ಉಸ್ಮಾನ್ ಗಂಜಿಗೆ ಹೋಗಿ ಪಾವ್ ಕಿಲೋ ಮೊಳೆ ತಂದೆ,
ಸುತ್ತಿಗಿ ಹೊಸಾದು, ಹಿಡಿಕಿಗಿ ಇನ್ನಾ ಹಸಿ ಕಟಿಗಿ ವಾಸನಿ.
ಎತ್ತಿದ ಕೈ ಹಿಡಿದ ಮೌಲಾಲಿ:
"ಸುಣ್ಣ ಇನ್ನಾ ಕೂಸು, ಬಾಯಿ.
ಕಲ್ಲಾಗಲಿಕ್ಕ ವರ್ಷ ಬೇಕು. ಅಲ್ಲೀತನಕ
ಗ್ವಾಡಿಗೆ ಮೊಳೆ ಹೊಡೀಬ್ಯಾಡ್ರಿ."

ನಕ್ಕೆ. ಹನ್ನೆರಡನೇ ಸಲ ಕೇಳಿದ ಮಾತು.
ಕನ್ನಡಿ ಮತ್ತ ನೆಲದ ಮ್ಯಾಲೆ,
ಮೊಳೆ ಪುಡಿಕಿ ಮಾಡದಾಗ, ಆ ಗೆರಿಗಳ ಪಕ್ಕಕ್ಕ.
ನಾಳಿ ಬ್ಯಾಂಕಿನ ಮೊದಲನೇ ಕಂತು.
ಇದ್ದಲು ಹುಡುಕಬೇಕು.